ಟೈಟಲ್ ಕೊಡಿ ಮೈಸೂರತ್ತೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಬೇಲಿ ಅಂತ ಇರುವುದು ಮೂರೆಳೆ ತಂತಿ, ಒಂದು ಸಾಲು ದಾಸವಾಳ, ಒಂದು ನುಗ್ಗೆಮರ. ಮರದ ಬುಡ ಅವರ ಕಡೆ, ಕಾಯಿ ಬಿಡುವ ಕೊಂಬೆ ನಮ್ಮ ಕಡೆ. ಬೇರೆ ಊರಾಗಿದ್ದರೆ ಎರಡು ತಲೆಮಾರು ಕೋರ್ಟು ಸುತ್ತುವುದಕ್ಕೆ ಈ ಮರವೊಂದೇ ಸಾಕಿತ್ತು. ನಾವಿರುವ, ಕೊಯಮತ್ತೂರು ಪಕ್ಕದ ಮದುಕ್ಕರೈಯಲ್ಲಿ ಅದು ಆಗುವ ಮಾತಲ್ಲ. ಕೊಂಗುನಾಡಿನ ತಮಿಳಿನಲ್ಲಿ ಪ್ರತಿ ಮಾತಿನ ತುದಿಗೂ ಒಂದು ‘ಂಗ’ ಅಂಟಿಸುತ್ತಾರೆ. ವಾಂಗ, ಸೊಲ್ಲುಂಗ, ಇಲ್ಲೀಂಗ. ‘ನಿಮಗೆ ಬುದ್ಧಿ ಇದೆಯಾಂಗ’ ಅಂತ ಬೈದರೂ ಕೂರಿಸಿ ಕಾಫಿ ಕೊಟ್ಟ ಹಾಗೆ ಕೇಳಿಸುತ್ತದೆ. ಜಗಳಕ್ಕೆ ಕಾವೇ ಏರುವುದಿಲ್ಲ.

ನಾವು ಇಲ್ಲಿಗೆ ಬಂದದ್ದು ಯಜಮಾನರಿಗೆ ಪೋತ್ತನೂರಿನ ರೈಲ್ವೆ ಸಿಗ್ನಲ್ ವರ್ಕ್‌ಶಾಪಿಗೆ ವರ್ಗವಾದಾಗ. ‘ಎರಡೇ ವರ್ಷ, ಆಮೇಲೆ ಮೈಸೂರು’ ಅಂದಿದ್ದರು. ಅವರು ರಿಟೈರಾಗಿಯೇ ಈಗ ಆರು ವರ್ಷ. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಬಟ್ಟೆ ಹಿಂಡುತ್ತಿದ್ದೆ, ಬೇಲಿಯಾಚೆಯಿಂದ ‘ಒಲೆ ಮೇಲೆ ಹಾಲಿಟ್ಟು ಎಲ್ಲಿ ಹೋದೆ’ ಅಂತ ಕನ್ನಡದಲ್ಲೇ ಕೂಗು ಬಂತು. ಹಿಂಡುತ್ತಿದ್ದ ಸೀರೆ ಕೈಯಲ್ಲೇ ಹಿಡಿದುಕೊಂಡು ಓಡಿದೆ. ಪಕ್ಕದ ಮನೆಯವರು ದೇವಾಂಗರು, ನೇಯ್ಗೆಯ ಕುಲ. ಯಾವ ಕಾಲದಲ್ಲೋ ಮಗ್ಗದ ಜೊತೆ ಈ ಕಡೆ ಇಳಿದು ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕುನಿಯಮುತ್ತೂರು, ಪೇರೂರು ಕಡೆಯ ಒಕ್ಕಲಿಗ ಗೌಡರದೂ ಇದೇ ಕಥೆ. ಶ್ರೀರಂಗಪಟ್ಟಣ ಬೀಳುವ ತನಕ, ಅಂದರೆ 1799ರ ತನಕ, ಕೊಯಮತ್ತೂರು ಸೀಮೆ ಮೈಸೂರಿನದೇ ಆಗಿತ್ತಲ್ಲ. ನಮ್ಮ ಯಜಮಾನರು ಈಗಲೂ ಕರೆಂಟ್ ಬಿಲ್ಲು ಕಟ್ಟುವಾಗ ‘ನಮ್ಮ ಸೀಮೆಯಲ್ಲಿ ನಾವೇ ಕಂದಾಯ ಕಟ್ಟೋ ಹಾಗಾಯ್ತು’ ಅಂತ ಗೊಣಗುತ್ತಾರೆ.

ಆ ಮನೆಯ ಹುಡುಗಿ ಈ ವರ್ಷ ಪ್ಲಸ್ ಟೂ. ಮಾತು ಕಲಿತಾಗಿನಿಂದ ನನ್ನನ್ನು ಮೈಸೂರತ್ತೆ ಅಂತಲೇ ಕರೆಯುವುದು. ಫೆಬ್ರವರಿಯ ಒಂದು ಸಂಜೆ ರಫ್ ನೋಟು ಹಿಡಿದುಕೊಂಡು ದಾಸವಾಳದ ಸಂದಿಯಿಂದ ಮುಖ ತೂರಿಸಿದಳು.

‘ಅತ್ತೆ, ಫೇರ್‌ವೆಲ್‌ಗೆ ಎಲ್ಲಾರಿಗೂ ಟೈಟಲ್ ಕೊಡಬೇಕು. ನೀವು ಕನ್ನಡದಲ್ಲಿ ಹೇಳಿ, ನಾನು ಬರ್ಕೋತೀನಿ.’

‘ತಮಿಳು ಶಾಲೆಯಲ್ಲಿ ಕನ್ನಡದ ಟೈಟಲ್ ಯಾಕೇ?’

‘ತಮಿಳಲ್ಲಿ ಕೊಟ್ಟರೆ ಅವರಿಗೆ ಅರ್ಥ ಆಗ್ಬಿಡುತ್ತಲ್ಲ!’

ವಿಷಯ ಇಷ್ಟು. ಅವರ ಬ್ಯಾಚಿನಲ್ಲಿ ಮನೆಯಲ್ಲಿ ಕನ್ನಡ ಆಡುವವರು ಐದು ಮಂದಿ. ಆರನೇ ಕ್ಲಾಸಿನಿಂದ ಈ ಐವರಿಗೂ ಕನ್ನಡ ಗುಪ್ತಚರ ಇಲಾಖೆಯ ಭಾಷೆ. ಯಾರ ಡಬ್ಬಿಯಲ್ಲಿ ಏನಿದೆ, ಯಾವ ಮೇಷ್ಟ್ರು ಇವತ್ತು ಮನೆಯಲ್ಲಿ ಬೈಸಿಕೊಂಡು ಬಂದಿದ್ದಾರೆ, ಎಲ್ಲ ಎದುರಿಗೇ, ಗಟ್ಟಿಯಾಗಿ, ಕನ್ನಡದಲ್ಲಿ. ಹಿಂದೆ ಫಿಸಿಕ್ಸ್ ಹೇಳುತ್ತಿದ್ದ ಮೇಷ್ಟ್ರೊಬ್ಬರು ಇದನ್ನೆಲ್ಲ ವರ್ಷಗಟ್ಟಲೆ ಕೇಳಿಸಿಕೊಂಡು, ರಿಟೈರಾಗುವ ದಿನ ಬಾಗಿಲಲ್ಲಿ ನಿಂತು ‘ಬರ್ತೀನಪ್ಪಾ ಮಕ್ಕಳಾ, ಇನ್ನು ಮೇಲೆ ಸ್ವಲ್ಪ ಮೆಲ್ಲಗೆ ಮಾತಾಡಿಕೊಳ್ಳಿ’ ಅಂದರಂತೆ. ಸತ್ಯಮಂಗಲದ ಕಡೆಯವರು, ಮನೆಮಾತು ಕನ್ನಡ! ಐವರಲ್ಲಿ ಇಬ್ಬರು ಮಾರನೆಯ ದಿನ ಜ್ವರ ಅಂತ ಶಾಲೆಗೇ ಹೋಗಲಿಲ್ಲ.

ನನಗಂತೂ ಇಂಥ ಕೆಲಸ ಎಂದರೆ ಹಬ್ಬ. ಈ ಊರಲ್ಲಿ ನನ್ನ ಕನ್ನಡಕ್ಕೆ ಕೆಲಸ ಸಿಗುವುದೇ ಅಪರೂಪ. ಸ್ಟೂಲು ತಂದು ನುಗ್ಗೆಮರದ ಕೆಳಗೆ ಹಾಕಿಕೊಂಡು ‘ಹೂಂ, ಮೊದಲನೆಯವನು ಯಾರು’ ಅಂದೆ.

ಮೊದಲನೆಯವನು ನಮ್ಮ ಹಾಲಿನ ಹುಡುಗ. ಬೆಳಗ್ಗೆ ಐದೂಮುಕ್ಕಾಲಿಗೆ ಟಿವಿಎಸ್ ಎಕ್ಸೆಲ್‌ನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬರುತ್ತಾನೆ. ಲೈಸೆನ್ಸಿನ ಮಾತು ನಾನು ಎತ್ತುವುದಿಲ್ಲ, ನೀವೂ ಎತ್ತಬೇಡಿ. ಅವನಿಗೆ ಕಾರ್ ರೇಸರ್ ಆಗಬೇಕು. ನಗುವ ಹಾಗಿಲ್ಲ, ಈ ಸೀಮೆಯ ಹುಡುಗರಿಗೆ ಅದು ಆಕಾಶದಿಂದ ಉದುರಿದ ಆಸೆಯಲ್ಲ. 2005ರಲ್ಲಿ ಫಾರ್ಮುಲಾ ಒನ್ ರೇಸಿನಲ್ಲಿ ಕಾರು ಓಡಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೊಯಮತ್ತೂರಿನವರು. ಇಲ್ಲೇ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, 2.1 ಕಿಲೋಮೀಟರಿನ ಟ್ರ್ಯಾಕು, 2003ರಿಂದ. ‘ಕರಿ’ ಅಂದರೆ ಇದ್ದಿಲೂ ಅಲ್ಲ, ಬಾಡೂ ಅಲ್ಲ. ರೇಸು ಕಾರುಗಳನ್ನು ಕೈಯಾರೆ ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರು. ರೇಸಿನ ದಿನ ನಮ್ಮ ಹಾಲು ತಡ. ಹುಡುಗ ಟ್ರ್ಯಾಕಿನ ಕಡೆ ಹೋಗಿಬಿಟ್ಟಿರುತ್ತಾನೆ. ಅವನು ನಮ್ಮ ಬೀದಿಯ ತಿರುವು ತೆಗೆಯುವುದನ್ನು ನೋಡಬೇಕು ನೀವು. ಎಡಮಂಡಿ ನೆಲಕ್ಕೆ ತಾಗುವಷ್ಟು ಬಗ್ಗುತ್ತಾನೆ, ಕ್ಯಾನಿನ ಮುಚ್ಚಳ ಕಟಕಟ ಅನ್ನುತ್ತದೆ, ಹಾಲು ಮಾತ್ರ ಒಂದು ಹನಿ ಚೆಲ್ಲುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಕಾರಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತವರಿಗೆ ಏನು ಗೊತ್ತು, ಮುಚ್ಚಳ ಸಡಿಲವಾದ ಹದಿನೈದು ಲೀಟರಿನ ಕಷ್ಟ? ಆದರೂ ಚೇಷ್ಟೆ ಜಾಸ್ತಿ. ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಕಾಲಲ್ಲಿ ಗೇರು ಬದಲಾಯಿಸುತ್ತಾನಂತೆ, ಬಾಯಲ್ಲಿ ಎಂಜಿನ್ ಸದ್ದು. ‘ಬಾಲ ಬಿಚ್ಚಿದ ಕುದುರೆ’ ಅಂತ ಬರೆದುಕೋ ಅಂದೆ. ಬರೆದುಕೊಂಡಳು.

ಎರಡನೆಯವನಿಗೆ ವಿಎಒ ಆಗಬೇಕು. ನಮ್ಮ ಕಡೆಯ ಶಾನುಭೋಗ, ಆಮೇಲಿನ ವಿಲೇಜ್ ಅಕೌಂಟೆಂಟು ಅನ್ನಿ. ತಮಿಳುನಾಡಿನಲ್ಲಿ ಆ ಹುದ್ದೆಗೆ ಇಪ್ಪತ್ತೊಂದು ತುಂಬಿರಬೇಕು. ಗತ್ತಿಗೆ ಅಂಥ ನಿಯಮ ಇಲ್ಲವಲ್ಲ, ಹದಿನೇಳಕ್ಕೇ ಬಂದುಬಿಟ್ಟಿದೆ. ದನಿ ಎತ್ತಿ ಮಾತಾಡಿದವನೇ ಅಲ್ಲ. ಪಕ್ಕದವನು ರಬ್ಬರು ಕೇಳಿದರೂ ಒಮ್ಮೆ ಕಿಟಕಿಯಾಚೆ ನೋಡಿ, ಯೋಚಿಸಿ, ‘ನಾಳಿಕ್ಕಿ ವಾಂಗ’, ನಾಳೆ ಬನ್ನಿ, ಅಂತಾನಂತೆ. ಹಸಿರು ಶಾಯಿಯ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಹಸಿರು ಶಾಯಿ ಗೆಜೆಟೆಡ್ ಆಫೀಸರಿಗೆ, ವಿಎಒಗೆ ಅಲ್ಲ ಅಂತ ಯಾರೋ ಹೇಳಿದ ಮೇಲೆ ಪೆನ್ನು ಬ್ಯಾಗಿನೊಳಗೆ ಹೋಯಿತು. ಬಿಸಾಡಲಿಲ್ಲ, ಪ್ರಮೋಶನ್ ಇದ್ದೇ ಇರುತ್ತದಲ್ಲ. ಇವನಿಗೆ ನಾನು ಕೊಟ್ಟದ್ದು ‘ಗತ್ತಿನ ದೊರೆ’.

ಡಾಕ್ಟರಾಗುವ ಹುಡುಗಿಯನ್ನು ನಾನೇ ಬಲ್ಲೆ. ಬೇಲಿಯ ಹತ್ತಿರ ನಿಂತೇ ನನ್ನ ಮಂಡಿನೋವಿಗೆ ಮೂರು ಕಾಯಿಲೆ ಹೆಸರಿಟ್ಟವಳು. ಆರರಿಂದ ಹನ್ನೆರಡರ ತನಕ ಸರ್ಕಾರಿ ಶಾಲೆಯಲ್ಲೇ ಓದಿದವಳಾದ್ದರಿಂದ, 2020ರಲ್ಲಿ ತಮಿಳುನಾಡು ತಂದ ಏಳೂವರೆ ಪರ್ಸೆಂಟ್ ಮೀಸಲಾತಿಯಲ್ಲಿ ಮೆಡಿಕಲ್ ಸೀಟಿನ ಆಸೆ ಇದೆ. ನೀಟ್‌ನಲ್ಲಿ ಮಾರ್ಕು ಬಂದರೆ ಆಯಿತು. ತೊಂದರೆ ಒಂದೇ. ಶಾಲೆಗೆ ಬ್ಲಡ್ ಗ್ರೂಪ್ ನೋಡುವವರು ಬಂದಾಗ, ಸೂಜಿ ಇನ್ನೂ ಮೂರು ಹುಡುಗಿಯರ ಆಚೆ ಇರುವಾಗಲೇ ಈಕೆ ನೆಲಕ್ಕೆ ಬಿದ್ದಿದ್ದಳು. ಎಚ್ಚರವಾದೊಡನೆ ಮಲಗಿದಲ್ಲಿಂದಲೇ ‘ಇದಕ್ಕೆ ವ್ಯಾಸೊವೇಗಲ್ ಅಂತಾರೆ, ಭಯಪಡಬೇಡಿ’ ಅಂತ ಸುತ್ತ ನಿಂತವರಿಗೆ ಪಾಠ ಮಾಡಿದಳಂತೆ. ಕೈಗಿಂತ ಬಾಯಿ ಮುಂದಾದ್ದರಿಂದ ‘ಬಾಯಿ ಡಾಕ್ಟರ್’.

ಏರ್‌ಹೋಸ್ಟೆಸ್ ಒಬ್ಬಳಿದ್ದಾಳೆ. ತೆಳ್ಳಗೆ, ಉದ್ದಕ್ಕೆ, ಕಣ್ಣು ಇಷ್ಟಗಲ. ಪರೀಕ್ಷೆ ಪೇಪರು ಹಂಚುವಾಗಲೂ ಟ್ರೇ ಹಿಡಿದವಳ ಹಾಗೆ ಎರಡು ಸಾಲಿನ ನಡುವೆ ನಡೆಯುತ್ತಾಳೆ. ಊಟಿ ಟೂರಿನಲ್ಲಿ ಬಸ್ಸು ಬರ್ಲಿಯಾರ್ ದಾಟುವಷ್ಟರಲ್ಲಿ ಕಿಟಕಿಗೆ ತಲೆ ಕೊಟ್ಟವಳು ಕುನ್ನೂರಿನ ತನಕ ತಲೆ ಒಳಗೆ ಎಳೆದುಕೊಳ್ಳಲಿಲ್ಲ. ಆಕಾಶದಲ್ಲಿ ಕಿಟಕಿ ತೆಗೆಯುವುದಿಲ್ಲ ಅಂತ ಅವಳಿಗೆ ಯಾರು ಹೇಳುತ್ತಾರೋ. ‘ಗಾಳಿಪಟ’ ಅಂದೆ. ಇದು ಬೈಗುಳವೇ ಅಲ್ಲ, ಚೆಂದ ಇದೆ, ಅಂದಳು ನಮ್ಮ ಹುಡುಗಿ. ಚೆಂದದ್ದೂ ಒಂದಿರಲಿ ಬಿಡು ಅಂದೆ.

ಇಸ್ರೋಗೆ ಹೋಗುವವರು ಇಬ್ಬರು. ಅವರ ಬಗ್ಗೆ ತಮಾಷೆ ಮಾಡಲು ನನಗೆ ಬಾಯಿ ಬರುವುದಿಲ್ಲ. ಪೊಳ್ಳಾಚಿ ಹತ್ತಿರದ ಕೋದವಾಡಿಯ ಹುಡುಗ ಮಯಿಲ್‌ಸಾಮಿ ಅಣ್ಣಾದುರೈ ಹೋಗಿ 2008ರಲ್ಲಿ ಚಂದ್ರಯಾನದ ಯೋಜನಾ ನಿರ್ದೇಶಕ ಆಗಲಿಲ್ಲವೇ? ಈ ಜಿಲ್ಲೆಯಲ್ಲಿ ಯಾವ ಹುಡುಗನನ್ನು ಯಾವಾಗ ಗೇಲಿ ಮಾಡಬೇಕು ಅನ್ನುವುದು ಸ್ವಲ್ಪ ನಾಜೂಕಿನ ವಿಷಯ.

ಆಮೇಲೆ ಪಟ್ಟಿಯಲ್ಲಿ ಸಾಲಾಗಿ ಏಳು ಹೆಸರು. ಏಳಕ್ಕೂ ಒಂದೇ ಆಸೆ: ಎಐ ಅಂಡ್ ಡಾಟಾ ಸೈನ್ಸ್. ಬಿ.ಇ. ಅಂತ ಹೇಳಿದರೆ ಈಗ ಸಾಲದು, ಬಾಲದಲ್ಲಿ ಇದೂ ಇರಬೇಕು. ಲೆಕ್ಕದ ನೂರು, ಫಿಸಿಕ್ಸಿನ ಅರ್ಧ, ಕೆಮಿಸ್ಟ್ರಿಯ ಅರ್ಧ ಕೂಡಿ ಇನ್ನೂರಕ್ಕೆ ಎಷ್ಟು ಕಟ್‌ಆಫ್ ಬರುತ್ತದೆ, ಯಾವ ಕಾಲೇಜು ಸಿಗುತ್ತದೆ ಅಂತ ಏಳು ಮಂದಿಯೂ ದಿನವಿಡೀ ಕೂಡುತ್ತಾರೆ, ಕಳೆಯುತ್ತಾರೆ.

‘ಎಐ ಅಂದ್ರೆ ಏನೇ?’ ಅಂತ ನಾನು ಬೇಕೆಂದೇ ಕೇಳಿದೆ. ಉತ್ತರ ಬಂದದ್ದು ಹುಡುಗಿಯಿಂದಲ್ಲ, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಅವಳ ಅಜ್ಜಿಯಿಂದ.

‘ಆನೆ ಕಾಯೋ ವೇಲೆ.’

ವೇಲೆ ಅಂದರೆ ಕೆಲಸ. ಅಜ್ಜಿಯ ತಪ್ಪೇನಿಲ್ಲ. ಮದುಕ್ಕರೈಗೆ ಎಐ ಅನ್ನುವ ಮಾತು ಬಂದದ್ದೇ ಆನೆ ಲೆಕ್ಕದಲ್ಲಿ. ಇಲ್ಲಿಂದ ಎಟ್ಟಿಮಡೈ, ವಾಳಯಾರ್ ಕಡೆಗೆ ಕೇರಳಕ್ಕೆ ಇಳಿಯುವ ರೈಲು ಹಳಿ ಇದೆಯಲ್ಲ, ಅದರಲ್ಲಿ ಒಂದು ಲೈನು ಕಾಡಿನೊಳಗೇ ಹಾದುಹೋಗುತ್ತದೆ. ರೈಲಿಗೆ ದಾರಿ ಅದು, ಆನೆಗೂ ದಾರಿ ಅದೇ. 2021ರ ನವೆಂಬರಿನಲ್ಲಿ ನವಕ್ಕರೈ ಹತ್ತಿರ ಒಂದೇ ರಾತ್ರಿ ಮೂರು ಆನೆ ಸತ್ತವು, ಮಂಗಳೂರಿನಿಂದ ಚೆನ್ನೈಗೆ ಹೋಗುವ ರೈಲಿಗೆ ಸಿಕ್ಕು. ನಮ್ಮ ಯಜಮಾನರು ಆವತ್ತು ಊಟ ಮಾಡಲಿಲ್ಲ. ಜೀವಮಾನವಿಡೀ ಸಿಗ್ನಲ್ ರಿಪೇರಿ ಮಾಡಿದವರು, ‘ಆನೆಗೆ ಕೆಂಪು ದೀಪ ತೋರಿಸೋಕೆ ಆಗಲ್ವಲ್ಲ’ ಅಂತ ಕೂತುಬಿಟ್ಟರು. 2024ರ ಫೆಬ್ರವರಿಯಲ್ಲಿ ಅರಣ್ಯ ಇಲಾಖೆಯವರು ಹಳಿಯ ಪಕ್ಕ ಹನ್ನೆರಡು ಟವರು ನಿಲ್ಲಿಸಿ, ಕತ್ತಲಲ್ಲೂ ಮೈಶಾಖ ಹಿಡಿಯುವ ಕ್ಯಾಮರಾ ಹಾಕಿದರು. ಆನೆ ಹಳಿಯ ಹತ್ತಿರ ಸುಳಿದರೆ ಕಂಪ್ಯೂಟರೇ ಗುರುತು ಹಿಡಿದು ರೈಲಿನವರಿಗೂ ಫಾರೆಸ್ಟಿನವರಿಗೂ ಸುದ್ದಿ ಮುಟ್ಟಿಸುತ್ತದೆ. ಅದನ್ನು ಊರಲ್ಲಿ ಎಲ್ಲರೂ ಎಐ, ಎಐ ಅಂದರು. ಅಜ್ಜಿ ಅದನ್ನೇ ನೆನಪಿಟ್ಟುಕೊಂಡಿದ್ದಾರೆ.

‘ಆನೆ ಬಂದದ್ದು ಹೇಳೋಕೆ ನಾಕು ವರ್ಷ ಓದಬೇಕಾ?’ ಅಜ್ಜಿ ಹುಣಸೆಬೀಜ ಮೊರಕ್ಕೆ ಎಸೆಯುತ್ತಾ ಮುಂದುವರಿಸಿದರು. ‘ನಾಯಿ ಹೇಳುತ್ತೆ. ಮೊದಲು ಬೊಗಳುತ್ತೆ, ಅಪ್ಪುರಂ ಥಟ್ಟಂತ ಬಾಯಿ ಮುಚ್ಚುತ್ತೆ. ಬಾಯಿ ಮುಚ್ಚಿದ್ರೆ ಆನೆ. ಬೊಗಳ್ತಾನೇ ಇದ್ರೆ ನಿಮ್ಮ ಮಾವ ಕುಡಿದು ಬಂದಿದ್ದಾನೆ ಅಂತ.’

‘ಅಜ್ಜಿ, ಕಾಲೇಜಲ್ಲಿ ಓದೋ ಎಐ ಅದಲ್ಲ, ಕಂಪ್ಯೂಟರು, ಬೆಂಗಳೂರಲ್ಲಿ ವೇಲೆ...’

‘ಬೆಂಗಳೂರಲ್ಲಿ ಆನೆ ಎಲ್ಲಿದೆ?’

ಇದಕ್ಕೆ ಹುಡುಗಿಯ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ. ಏಳು ಮಂದಿಗೂ ಸೇರಿಸಿ ‘ಅಜ್ಜಿಯ ನಾಯಿಗಳು’ ಅಂತ ಬರೆಯಲು ಕೈ ಹೋಗಿತ್ತು. ಬೇಡ, ನಾಯಿ ಅನ್ನುವ ಮಾತು ತಮಿಳಿನಲ್ಲೂ ನಾಯೇ, ಗೊತ್ತಾಗಿಬಿಡುತ್ತದೆ ಅಂದಳು. ‘ಆನೆ ಮೇಸ್ತ್ರಿಗಳು’ ಆಯಿತು.

ಆನೆ ಮಾತು ಬಂದಾಗಲೇ ನಮ್ಮ ಹುಡುಗಿ ಪಟ್ಟಿಯ ಕೊನೆಗೆ ಹಾರಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ‘ಇವಳಿಗೆ ಬೈಗುಳ ಬೇಡ ಅತ್ತೆ.’ ಆ ಹುಡುಗಿಯ ಮನೆ ಮರಪ್ಪಾಲಂ ಕಡೆ. ಫಾರೆಸ್ಟ್ ರೇಂಜರ್ ಆಗಬೇಕಂತೆ, ಮೆಟ್ಟುಪಾಳಯದ ಫಾರೆಸ್ಟ್ ಕಾಲೇಜಿಗೇ ಸೇರಬೇಕಂತೆ. 2016ರಲ್ಲಿ ಇವರೆಲ್ಲ ಮೂರನೇ ಕ್ಲಾಸಿನ ಮಕ್ಕಳು. ಆಗ ನಮ್ಮೂರಿನಲ್ಲಿ ಒಂದು ಒಂಟಿ ಸಲಗ ತಿರುಗುತ್ತಿತ್ತು. ಎಲ್ಲರೂ ಅದನ್ನು ‘ಮದುಕ್ಕರೈ ಮಹಾರಾಜ್’ ಅನ್ನುತ್ತಿದ್ದರು. ತೋಟ ತುಳಿಯಿತು ಅಂತ ಒಂದು ದಿನ ಶಾಪ, ಗಂಭೀರವಾಗಿ ನಡೆದುಹೋಯಿತು ಅಂತ ಮಾರನೆಯ ದಿನ ಕೈಮುಗಿತ. ಆ ಜೂನ್‌ನಲ್ಲಿ ಅದಕ್ಕೆ ಮತ್ತಿನ ಮದ್ದು ಹೊಡೆದು ಹಿಡಿದು, ಲಾರಿಯಲ್ಲಿ ಟಾಪ್‌ಸ್ಲಿಪ್ ಕಡೆಯ ಕ್ಯಾಂಪಿಗೆ ಸಾಗಿಸಿದರು. ಮರದ ದೊಡ್ಡಿಯೊಳಗೇ ಅದು ತೀರಿಕೊಂಡಿತು, ವಾರವೂ ಆಗಿರಲಿಲ್ಲ. ಈ ಹುಡುಗಿ ಮಾರನೆಯ ದಿನ ಶಾಲೆಗೆ ಬಂದವಳು ಹಾಜರಿ ಕರೆದಾಗ ‘ಉಳ್ಳೇನ್ ಟೀಚರ್’ ಅನ್ನಲಿಲ್ಲ, ಸುಮ್ಮನೆ ಕೂತಳು. ಟೀಚರೂ ಆಬ್ಸೆಂಟ್ ಹಾಕಲಿಲ್ಲ. ಅವತ್ತಿನಿಂದ ಅವಳ ಎಲ್ಲಾ ನೋಟಿನ ಕೊನೇ ಹಾಳೆಯಲ್ಲಿ ಒಂದು ಆನೆ ಇರುತ್ತದಂತೆ. ಕೆಮಿಸ್ಟ್ರಿ ನೋಟಿನ ಆನೆಗೆ ಮಾತ್ರ ದಂತ ಸೊಟ್ಟ, ಆ ಪೀರಿಯಡಿನಲ್ಲಿ ಅವಳಿಗೆ ನಿದ್ದೆ.

‘ಆನೆ ಮಹಾರಾಣಿ’ ಅಂದೆ. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು ಬರೆದುಕೊಂಡಳು.

ಉಳಿದವರನ್ನು ಬೇಗ ಬೇಗ ಮುಗಿಸಿದೆವು. ಕಾಳಾನ್, ಅಂದರೆ ಅಣಬೆ, ಗಾಡಿಯ ಮುಂದೆ ನಿಂತು ಫೋನಿಗೆ ಮುಖ ಕೊಟ್ಟು ಪ್ಲೇಟಿಗೊಂದು ಭಾಷಣ ಮಾಡುವ ಯೂಟ್ಯೂಬ್ ಹುಡುಗ. ಅವನ ತಾತ ಕೋರಾ ಕಾಟನ್ ಸೀರೆಗೆ ಹೆಸರಾದ ನೇಕಾರರು, ತಾತನ ಮಗ್ಗದ ಗುಂಡಿಯ ಜಾಗದಲ್ಲಿ ಈಗ ರಿಂಗ್ ಲೈಟು ನಿಂತಿದೆ. ಜರ್ಮನಿಗೆ ಹೋಗುವ ನರ್ಸ್ ಒಬ್ಬಳು, ಈಗಾಗಲೇ ಇಡ್ಲಿಗೂ ‘ಡಾಂಕೆ’ ಅನ್ನುತ್ತಾಳೆ. ಅಗ್ನಿವೀರನಾಗಲು ಬೆಳಗ್ಗೆ ನಾಲ್ಕಕ್ಕೆ ಧರ್ಮಲಿಂಗೇಶ್ವರನ ಬೆಟ್ಟ ಓಡಿ ಹತ್ತಿ, ಎಂಟಕ್ಕೆ ಮೊದಲ ಪೀರಿಯಡಿನಲ್ಲೇ ಮಲಗುವವನೊಬ್ಬ. ಇವರ ಟೈಟಲ್‌ಗಳು ನನಗೇ ಮರೆತಿವೆ, ಅಷ್ಟೇನೂ ಚೆನ್ನಾಗಿರಲಿಲ್ಲ.

‘ಸರಿ, ನಿನಗೆ?’ ಅಂದೆ.

‘ನನಗೆ ಯಾಕೆ, ನಾನು ಕೊಡೋಳು.’

ಅವಳಿಗೆ ಸಿ.ಎ. ಮಾಡಬೇಕು. ಕಾಮರ್ಸ್ ಗ್ರೂಪು. ಹತ್ತು ವರ್ಷದವಳಿದ್ದಾಗಿನಿಂದ ಬೇಲಿಯ ಮೇಲಿನ ನುಗ್ಗೆಕಾಯಿ ಲೆಕ್ಕ ಇಡುತ್ತಾಳೆ. ನಮ್ಮ ಕಡೆ ಇಷ್ಟು, ಅವರ ಕಡೆ ಇಷ್ಟು, ಕೋತಿ ತಿಂದದ್ದು ಇಷ್ಟು. ಕೋತಿಯದ್ದನ್ನು ವಜಾ ಮಾಡಿ ಉಳಿದದ್ದಕ್ಕೆ ಬದಲು ನಾನು ಮೊಸರು ಕೊಟ್ಟೆನೋ ಇಲ್ಲವೋ ಅಂತ ಟಿಕ್ಕು. ಹೋದ ವರ್ಷ ನನ್ನ ಕಡೆ ಎರಡು ಬಟ್ಟಲು ಬಾಕಿ ತೋರಿಸಿದ್ದಳು. ‘ನುಗ್ಗೆಕಾಯಿ ಆಡಿಟರ್’ ಅಂತ ಬರೆದುಕೋ ಅಂದರೆ ನೋಟು ಮುಚ್ಚಿಕೊಂಡು ಓಡಿದಳು.

ಇಲ್ಲಿಯ ತನಕ ಎಲ್ಲ ಸರಿಯಾಗಿತ್ತು. ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಹುಡುಗಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ನಾನು ಹೇಳಿದ್ದನ್ನೆಲ್ಲ ಅವಳು ಬರೆದುಕೊಂಡದ್ದು ತಮಿಳು ಅಕ್ಷರದಲ್ಲಿ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ-ಬಗಳಿಗೆ ಒಂದೇ, ತ-ದಗಳಿಗೆ ಒಂದೇ. ತಾನೇ ಓದಿದ್ದರೆ ಏನೂ ಆಗುತ್ತಿರಲಿಲ್ಲ. ಫೇರ್‌ವೆಲ್ ದಿನ ಇವಳಿಗೆ ಗಂಟಲು ಕಟ್ಟಿ, ಚೀಟಿ ಒಬ್ಬಳು ತಮಿಳು ಗೆಳತಿಯ ಕೈಗೆ ಹೋಯಿತು. ಮೈಕು ಅವಳ ಕೈಯಲ್ಲಿ.

ಮೊದಲು ಹಾಲಿನ ಹುಡುಗ. ನನ್ನ ‘ಬಾಲ ಬಿಚ್ಚಿದ ಕುದುರೆ’ ಮೈಕಿನಿಂದ ಬಂದದ್ದು ‘ಪಾಲ ಪಿಚ್ಚಿದ ಕುದಿರೆ’ ಅಂತ. ತಮಿಳಿನಲ್ಲಿ ಪಾಲ್ ಅಂದರೆ ಹಾಲು, ಪೀಚ್ಚುವುದು ಅಂದರೆ ಕೆಚ್ಚಲಿನಿಂದ ಹಿಂಡುವುದು, ಕುದಿರೆ ಕುದುರೆಯೇ. ಹಾಲು ಕರೆದ ಕುದುರೆ! ಹಾಲು ಮಾರುವವನ ಮಗನಿಗೆ! ಹಾಲ್‌ಗೆ ಹಾಲ್ ಎದ್ದು ಕುಣಿಯಿತಂತೆ.

ಮುಂದಿನದು ಗತ್ತಿನ ದೊರೆ. ಅದು ‘ಕತ್ತಿನ ದೊರೆ’ ಆಗಿ ಹೊರಗೆ ಬಂತು. ಕತ್ತಿನ ಅಂದರೆ ತಮಿಳಿನಲ್ಲಿ ಕಿರುಚಿದ. ಕಿರುಚಿದ ದೊರೆ. ಜನ್ಮದಲ್ಲಿ ದನಿ ಎತ್ತದ ನಮ್ಮ ಭಾವೀ ವಿಎಒ ಬೆಂಚಿನ ಮೇಲೆ ಎದ್ದು ನಿಂತು, ಕುತ್ತಿಗೆಯ ನರ ಉಬ್ಬಿಸಿ, ‘ನಾನ್ ಎಪ್ಪೋಡಾ ಕತ್ತಿನೇನ್?’ ಅಂತ ಕತ್ತಿದನಂತೆ. ಟೈಟಲ್ ಅಲ್ಲೇ ಖಾಯಂ ಆಯಿತು.

ಬಾಯಿ ಡಾಕ್ಟರ್ ‘ಪಾಯಿ ಡಾಕ್ಟರ್’. ಪಾಯಿ ಅಂದರೆ ಚಾಪೆ. ಸೂಜಿ ಕಂಡರೆ ಬೀಳುವವಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ತಪಸ್ಸು ಮಾಡಿದ್ದರೂ ಕೊಡಲಾಗುತ್ತಿರಲಿಲ್ಲ. ಇನ್ನು ಗಾಳಿಪಟ. ನನ್ನ ಮಟ್ಟಿಗೆ ಪಟ್ಟಿಯಲ್ಲೇ ಚೆಂದದ ಮಾತು. ತಮಿಳಿನ ಅಕ್ಷರದಲ್ಲಿ ಗಾಳಿ ಅನ್ನುವುದು ಕಾಳಿ, ಪಟ ಅನ್ನುವುದು ಪಡ. ಕಾಳಿಯ ಪಟ! ಆ ಅಗಲ ಕಣ್ಣಿನ ಹುಡುಗಿ ಎದ್ದು ಒಮ್ಮೆ ಎಲ್ಲರನ್ನೂ ದುರುಗುಟ್ಟಿ ನೋಡಿದಳಂತೆ, ಹೆಡ್‌ಮಿಸ್ಸೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರಂತೆ.

ಆನೆ ಮಹಾರಾಣಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಆನೆ ತಮಿಳಿನಲ್ಲೂ ಆನೆಯೇ. ವಾಳಯಾರ್ ಚೆಕ್‌ಪೋಸ್ಟಿನಲ್ಲೂ ಅದನ್ನು ಯಾರೂ ನಿಲ್ಲಿಸುವುದಿಲ್ಲವಲ್ಲ. ಇಡೀ ಹಾಲ್ ಒಮ್ಮೆ ಸುಮ್ಮನಾಗಿ, ಆಮೇಲೆ ಚಪ್ಪಾಳೆ ಹೊಡೆಯಿತಂತೆ.

ಮಾರನೆಯ ಸಂಜೆ ಹುಡುಗಿ ಕಟ್ಟಿದ ಗಂಟಲಲ್ಲೇ ಇದನ್ನೆಲ್ಲ ಬೇಲಿಯ ಮೇಲಿಂದ ವರದಿ ಮಾಡಿದಳು. ಅವಳಮ್ಮ ಸೊಂಟದ ಮೇಲೆ ಕೈಯಿಟ್ಟು ‘ಅಕ್ಕಾ, ಮಾನ ಹೋಯ್ತು ಅಕ್ಕಾ, ಕಾಳಿ ಮನೆಯವರು ಜಗಳಕ್ಕೆ ಬಂದ್ರೆ?’ ಅಂದಳು. ಬಂದರು ಕೂಡ. ‘ಏನುಂಗ, ನಮ್ಮ ಹುಡುಗಿಗೆ ಕಾಳಿ ಅಂದ್ರಂತೇಂಗ’ ಅಂತ ಶುರು ಮಾಡಿ, ಎರಡು ಲೋಟ ಕಾಫಿ ಕುಡಿದು, ನಾಲ್ಕು ನುಗ್ಗೆಕಾಯಿ ತೆಗೆದುಕೊಂಡು ಹೋದರು. ನಾನು ಆಗಲೇ ಹೇಳಲಿಲ್ಲವೇ, ಈ ಊರಲ್ಲಿ ಜಗಳ ಆಗುವುದಿಲ್ಲ ಅಂತ. ನಾಲ್ಕು ಕಾಯಿ ಆಡಿಟರ ಪುಸ್ತಕದಲ್ಲಿ ನನ್ನ ಲೆಕ್ಕಕ್ಕೆ ಬಿದ್ದಿವೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ಮೇ ತಿಂಗಳಲ್ಲಿ ರಿಸಲ್ಟು. ನಡುವಿನ ಈ ಏಪ್ರಿಲ್ ಇದೆಯಲ್ಲ, ಸಿಮೆಂಟ್ ಫ್ಯಾಕ್ಟರಿಯ ಕಡೆಯಿಂದ ಬಿಸಿಗಾಳಿ, ಪಾಲ್ಘಾಟ್ ಕಡೆಯಿಂದ ಇನ್ನೂ ಬರದ ತಂಗಾಳಿ, ಮನೆಮನೆಯಲ್ಲೂ ಮಾರ್ಕಿನ ಅಂದಾಜು. ಹುಡುಗಿಯ ಮಾವನಿಗೆ ಇದು ಸುಗ್ಗಿಯ ಕಾಲ. ಆತ ಪ್ಲಸ್ ಟೂ ಮುಗಿಸಿದ್ದು 1200 ಮಾರ್ಕಿನ ಕಾಲದಲ್ಲಿ. 2019ರಿಂದ ಅದು 600ಕ್ಕೆ ಇಳಿದಿದೆ. ‘ನೀನೆಷ್ಟು ನಿರೀಕ್ಷೆ ಮಾಡ್ತಿದ್ದೀಯ? ಐನೂರ ಐವತ್ತಾ? ನಾನು ಏಳುನೂರ ಹದಿನಾಲ್ಕು ತೆಗೆದೋನು’ ಅಂತ ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ ಹೇಳುತ್ತಾ ತಿರುಗುತ್ತಾನೆ. ಪರ್ಸೆಂಟ್ ಹಾಕಿ ನೋಡುವ ತನಕ ಮಕ್ಕಳು ಪಾಪ ನಂಬುತ್ತಾರೆ. ಆಡಿಟರ್ ಮಾತ್ರ ಹಾಕಿ ನೋಡಿ, ಬರೆದು, ಗೋಡೆಗೆ ಅಂಟಿಸಿದ್ದಾಳೆ.

ಅವಳಿಗೆ ರಜಾ ಬಿದ್ದಾಗಿನಿಂದ ಸಂಜೆ ಅರ್ಧ ಗಂಟೆ ನುಗ್ಗೆಮರದ ಕೆಳಗೆ ಸ್ಲೇಟು. ಕೇಳಿದ್ದು ಅವಳೇ. ಮೊದಲ ದಿನ ಕ ಖ ಗ ಘ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದಳು.

‘ಒಂದು ಕ ಸಾಲದಾ ಅತ್ತೆ? ಇಷ್ಟೊಂದು ಯಾಕೆ?’

‘ಒಂದೇ ಇಟ್ಟುಕೊಂಡದ್ದಕ್ಕೆ ಏನಾಯಿತು ನೋಡಿದೆಯಲ್ಲ.’

ತಲೆಯಾಡಿಸಿ ಗ ತಿದ್ದಿದಳು. ಮೂರನೇ ದಿನಕ್ಕೆ ‘ಗಾಳಿಪಟ’ ಬಂತು, ಳದ ಕೊಂಡಿ ಸ್ವಲ್ಪ ಸೊಟ್ಟ. ಫೋಟೋ ತೆಗೆದು ಆ ಏರ್‌ಹೋಸ್ಟೆಸ್ ಗೆಳತಿಗೆ ಕಳಿಸಿದಳು. ಆ ಕಡೆಯಿಂದ ಉತ್ತರ ಬಂದದ್ದು ನಾಲಿಗೆ ಚಾಚಿದ ಕಾಳಿಯ ಪಟ. ಅದಕ್ಕೇ ಒಗ್ಗಿಹೋಗಿದ್ದಾಳೆ.

ನಿನ್ನೆ ಬೆಳಗ್ಗೆ ಹಾಲಿನ ಹುಡುಗ ತಿರುವು ತೆಗೆದು, ಮಂಡಿ ಎತ್ತಿ, ಗಾಡಿ ನಿಲ್ಲಿಸಿದ. ಅರ್ಧ ಲೀಟರು ಅಳೆಯುತ್ತಾ, ಕ್ಯಾನಿನ ಕಡೆಗೇ ನೋಡುತ್ತಾ ಕೇಳಿದ: ‘ಅತ್ತೈ, ನೀವು ನಿಜವಾಗಿ ಕೊಟ್ಟ ಟೈಟಲ್ ಬೇರೆ ಏನೋ ಅಂತೆ?’

ಹೇಳಿದೆ. ಬಾಲ ಅಂದರೆ ಹಾಲಲ್ಲ, ವಾಲು. ಬಿಚ್ಚುವುದು ಅಂದರೆ ಅವಿಳ್ಕುವುದು. ಬಾಲ ಬಿಚ್ಚುವುದು ಅಂದರೆ ಕನ್ನಡದಲ್ಲಿ ಕಿತಾಪತಿ ಶುರುಮಾಡುವುದು, ಮಾತು ಕೇಳದೆ ಇರುವುದು, ಆದರೆ ಕುದುರೆ ಅಂದದ್ದು ಓಟಕ್ಕೆ, ರೇಸು ಅಂತ. ನನ್ನ ತಮಿಳಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಹತ್ತು ನಿಮಿಷ. ಮುಂದಿನ ಮನೆಯವರು ಪಾತ್ರೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದರು. ಹುಡುಗ ಎಲ್ಲ ಕೇಳಿ, ಮುಚ್ಚಳ ಒತ್ತಿ, ಕಿಕ್ಕರ್ ಮೇಲೆ ಕಾಲಿಟ್ಟ.

‘ಬೇಡ ಅತ್ತೈ,’ ಅಂದ. ‘ಪಾಲೇ ಇರಲಿ.’